ಗಂಟು ಎಲ್ಲಿದೆ ಎಂದು ಲೆಕ್ಕದ ಪುಸ್ತಕದಲ್ಲಿ ಹುಡುಕುವುದು

ಹಣ ದೊಡ್ಡದೋ ವಿಶ್ವಾಸ ದೊಡ್ಡದೋ ಎಂದರೆ ಯಾವ ಕ್ರೈಸ್ತನೂ ವಿಶ್ವಾಸವೇ ಎನ್ನುತ್ತಾನೆ. ಅದು ಬಾಯಿಮಾತು. ನಿಜವಾದ ಉತ್ತರ ಖರ್ಚಿನ ಪುಸ್ತಕದಲ್ಲಿರುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ಬೈಬಲ್ಲನ್ನೂ ಲೆಕ್ಕದ ಪುಸ್ತಕವನ್ನೂ ಒಟ್ಟಿಗೆ ತೆರೆದು ಕೂರುತ್ತೇನೆ.

ಮೊದಲು ಮತ್ತಾಯ 6:19ರಿಂದ 34ರವರೆಗೆ ಒಂದೇ ಸಲಕ್ಕೆ ಓದಿ. ಭೂಮಿಯ ಮೇಲೆ ಗಂಟು ಕಟ್ಟಿಡಬೇಡಿ, ನಿಮ್ಮ ಗಂಟು ಎಲ್ಲಿದೆಯೋ ಅಲ್ಲೇ ನಿಮ್ಮ ಮನಸ್ಸೂ ಇರುತ್ತದೆ ಎಂದು ಯೇಸು ಹೇಳುವ ಭಾಗ ಅದು. ಅನೇಕರು ದೇವರನ್ನೂ ಹಣವನ್ನೂ ಒಟ್ಟಿಗೆ ಸೇವಿಸಲಾಗದು ಎನ್ನುವ 24ಕ್ಕೆ ನಿಲ್ಲಿಸಿಬಿಡುತ್ತಾರೆ. ಆದರೆ ಚಿಂತೆ ಮಾಡಬೇಡಿ ಎನ್ನುವ 25ನೇ ವಚನ ಶುರುವಾಗುವುದೇ ‘ಆದಕಾರಣ’ ಎಂದು. ಅಂದರೆ ಗಂಟು ಕಟ್ಟುವುದೂ ನಾಳೆಯ ಚಿಂತೆಯೂ ಒಂದೇ ಕಾಯಿಲೆ. ಅಲ್ಲಿನ ನುಸಿ, ಕಿಲುಬು, ಕಳ್ಳರು ಬರೀ ಅಲಂಕಾರವಲ್ಲ. ಬಟ್ಟೆಬರೆಯೂ ಆಸ್ತಿಯಾಗಿದ್ದ, ಮಣ್ಣುಗೋಡೆಯ ಮನೆಗಳಿದ್ದ ಕಾಲದ ನಷ್ಟಗಳು. ಕಳ್ಳರು ನುಗ್ಗುವುದಕ್ಕೆ ಮೂಲದಲ್ಲಿರುವ ಗ್ರೀಕ್ ಪದದ ಅರ್ಥವೂ ಅಗೆದು ಒಳನುಗ್ಗುವುದು ಎಂದೇ. ನಮ್ಮ ‘ಕನ್ನ ಕೊರೆಯುವುದು’ ಅದಕ್ಕೆ ಚಾಚೂ ತಪ್ಪದೆ ಕೂರುತ್ತದೆ.

ಆದಾಯ ಬಂದ ದಿನವೇ ದೇವರ ಪಾಲು ತೆಗೆದಿಡಬೇಕು. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡೋಣ ಎಂದರೆ ಉಳಿಯುವುದೇ ಇಲ್ಲ. 1 ಕೊರಿಂಥ 16:2ರಲ್ಲಿ, ಕೊರಿಂಥದ ಸಭೆಗೆ ಬರೆದ ಅಪೊಸ್ತಲ ಪೌಲನೂ ಕಾಣಿಕೆಯನ್ನು ತೆಗೆದಿಡಿ, ವಾರದ ಮೊದಲ ದಿನವೇ, ಬಂದ ಆದಾಯಕ್ಕೆ ತಕ್ಕಂತೆ ಎನ್ನುತ್ತಾನೆ. ತಾನು ಬಂದಾಗ ವಸೂಲಿಗೆ ನಿಲ್ಲಬಾರದಲ್ಲ! ನನ್ನ ಅಳತೆ ನೂರಕ್ಕೆ ಹತ್ತು. ಪೌಲನ ಪತ್ರಗಳಲ್ಲಿ ದಶಮಾಂಶವನ್ನು, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು, ಸಭೆಗೆ ನಿಯಮವಾಗಿ ಹೇರಿಲ್ಲ, ಆದ್ದರಿಂದ ಸಾಲವಿರುವವರು ನೂರಕ್ಕೆ ಎರಡರಿಂದ ಶುರುಮಾಡಿದರೂ ತಪ್ಪಿಲ್ಲ. ಹೆತ್ತವರ ಔಷಧದ ದುಡ್ಡನ್ನು ಕಾಣಿಕೆಗೆ ತಿರುಗಿಸುವುದು ಮಾತ್ರ ತಪ್ಪು. ಮಾರ್ಕ 7:11ರಲ್ಲಿ ‘ಕೊರ್ಬಾನ್’, ಅಂದರೆ ಇದು ದೇವರಿಗೆ ಮುಡಿಪು, ಎಂದು ಹೇಳಿ ಹೆತ್ತವರಿಗೆ ಕೊಡದಿರುವ ನೆಪವನ್ನು ಯೇಸು ಖಂಡಿಸಿದ್ದು ಇದಕ್ಕೇ.

ಹೆಚ್ಚು ಕೆಡುವುದು ಇನ್ನೊಂದು ಕಡೆ. ದಶಮಾಂಶ ತಂದರೆ ದೇವರು ಆಶೀರ್ವಾದ ಸುರಿಸುತ್ತಾನೆ ಎನ್ನುವ ಮಲಾಕಿಯ 3:10 ಹಿಡಿದುಕೊಂಡು, ಹತ್ತು ಕೊಟ್ಟರೆ ನೂರು ಬರುತ್ತದೆ ಎಂದು ಕೊಡುವುದು. ಅದು ಕಾಣಿಕೆಯಲ್ಲ, ಬಂಡವಾಳ. ನಂಬಿಕೆ ಇರುವುದು ಬರುವ ನೂರರ ಮೇಲೆ.

ಉಳಿತಾಯ ಪಾಪವೇ? ಅಲ್ಲ. 1 ತಿಮೊಥೆಯ 6:10 ದೂರುವುದು ಹಣದಾಸೆಯನ್ನು, ಹಣವನ್ನಲ್ಲ. ಲೂಕ 12ರ ಸಾಮ್ಯದಲ್ಲಿ, ದೊಡ್ಡ ಕಣಜ ಕಟ್ಟಿಸಲು ಹೊರಟು ಆ ರಾತ್ರಿಯೇ ಪ್ರಾಣ ಬಿಡಬೇಕಾದ ಐಶ್ವರ್ಯವಂತನ ಬೆಳೆಯೂ ಕದ್ದದ್ದಲ್ಲ, ಭೂಮಿ ಕೊಟ್ಟದ್ದು. ಅವನ ಮಾತನ್ನು ನಿಧಾನಕ್ಕೆ ಓದಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಇಡೀ ಲೆಕ್ಕಾಚಾರದಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಹಾಗಾಗಿ ಪ್ರತಿ ಉಳಿತಾಯದ ಎದುರು ‘ಯಾರಿಗೆ’ ಎಂದು ಬರೆಯುತ್ತೇನೆ.

ಪುಟದ ಬಲಗಡೆ ಚಿಂತೆಗಳಿಗೊಂದು ಕಲಂ. ಆ ತಿಂಗಳು ಯಾವ ದುಡ್ಡಿನ ಯೋಚನೆ ನಿದ್ದೆಗೆಡಿಸಿತೋ ಅದು ಅಲ್ಲಿಗೆ. ನಿಜವಾದ ಕೊರತೆ ಇದ್ದರೆ ಸಹಾಯ ಕೇಳಬೇಕು, ಅದಕ್ಕೆ ಈ ವಿಧಾನ ಬೇಡ. ಆದರೆ ಇರುವುದೇ ಕರಗೀತು ಎಂಬ ಭಯ ಸತತ 3 ತಿಂಗಳು ಒಂದೇ ಬಾಬ್ತಿನ ಎದುರು ಬಂದರೆ, ಮುಂದಿನ ಕಾಣಿಕೆಯನ್ನು ಆ ಉಳಿತಾಯದಿಂದಲೇ ತೆಗೆಯುತ್ತೇನೆ. ಕೈ ಹಿಂಜರಿಯುತ್ತದೆ. ಎಷ್ಟು ಕೊಡಬೇಕೆಂದಿದ್ದೆ, ಎಷ್ಟಕ್ಕೆ ಇಳಿಸಿದೆ, ಎರಡನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ.