ಕೈ ಕೊಟ್ಟವನನ್ನು ಇಂಗ್ಲಿಷಿನಲ್ಲಿ ಬೈಯುವುದು ಹೇಗೆ

ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಾಳೆ ಬೆಳಿಗ್ಗೆ ಕೆಲಸ ಒಪ್ಪಿಸಬೇಕು ಅನ್ನುವಾಗ ಜೊತೆಗಾರನೊಬ್ಬ ಫೋನ್ ಆಫ್ ಮಾಡಿಕೊಂಡು ಊರಿಗೆ ಹೋಗಿಬಿಟ್ಟ. ರಾತ್ರಿ ಎರಡು ಗಂಟೆವರೆಗೆ ಒಬ್ಬನೇ ಕೂತು ಮುಗಿಸಿದೆ. ಆಮೇಲೆ ಅಮೆರಿಕದಲ್ಲಿದ್ದ ಮ್ಯಾನೇಜರ್‌ಗೆ ಸಿಟ್ಟಿನಲ್ಲಿ ಮೇಲ್ ಬರೆದೆ: ‘ಅಟ್ ದ ಲಾಸ್ಟ್ ಮಿನಿಟ್ ಹಿ ಗೇವ್ ಮಿ ಎ ಹ್ಯಾಂಡ್.’ ಕೊನೇ ಗಳಿಗೆಯಲ್ಲಿ ಕೈ ಕೊಟ್ಟ ಅಂತ ನನ್ನ ದೂರು. ಬೆಳಿಗ್ಗೆ ಉತ್ತರ ಬಂದಿತ್ತು. ತುಂಬಾ ಸಂತೋಷ, ಅವನಿಗೆ ನನ್ನ ಕಡೆಯಿಂದಲೂ ಥ್ಯಾಂಕ್ಸ್ ಹೇಳು, ಇಂಥ ಜೊತೆಗಾರರು ಸಿಗುವುದು ಕಷ್ಟ. ಅವನಿಗೆ ಒಂದು ಕಾಪಿ ಬೇರೆ ಹಾಕಿದ್ದರು.

ನಮ್ಮಲ್ಲಿ ಕೈ ಕೊಟ್ಟವನು ಮೋಸಗಾರ. ಇಂಗ್ಲಿಷಿನಲ್ಲಿ ಕೈ ಕೊಟ್ಟವನು ಆಪತ್ತಿಗಾದವನು. ನಾನು ಬರೆಯಬೇಕಿದ್ದದ್ದು ‘ಹಿ ಲೆಟ್ ಮಿ ಡೌನ್’. ನಡುನೀರಲ್ಲಿ ಕೈಬಿಟ್ಟ ಅನ್ನುವಷ್ಟು ಸಿಟ್ಟಿದ್ದರೆ ‘ಹಿ ಲೆಫ್ಟ್ ಮಿ ಇನ್ ದ ಲರ್ಚ್’.

ಈಗ ಭಾನುವಾರಗಳಂದು ನಂಜನಗೂಡಿನ ನಮ್ಮ ಮನೆ ಜಗಲಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಏಳೆಂಟು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಸಪೋರ್ಟ್‌ಗೆ ವಿರುದ್ಧ ಪದ ಏನು ಸಾರ್?’ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಪರೀಕ್ಷೆಗೆ ‘ಅಪೋಸ್’ ಅಂತ ಬರೆದರೆ ಮಾರ್ಕ್ಸ್ ಬರುತ್ತದೆ. ಬದುಕಿಗೆ ಅದೊಂದೇ ಸಾಲದು.

ಹಿತ್ತಲಲ್ಲಿ ಗೊನೆ ಬಿಟ್ಟ ಬಾಳೆಗೆ ಅಪ್ಪ ಬಿದಿರಿನ ಗಳ ಆನಿಸಿರುತ್ತಾರೆ. ಹುಡುಗರಿಗೆ ಅದನ್ನೇ ತೋರಿಸುತ್ತೇನೆ. ಇದೇ ಸಪೋರ್ಟ್. ಲ್ಯಾಟಿನ್ ಮೂಲದಲ್ಲೂ ಕೆಳಗಿನಿಂದ ಹೊರುವುದು ಅಂತಲೇ ಅದರ ಅರ್ಥ. ಈ ಗಿಡ ಬೀಳಬೇಕಾದರೆ ಏನೇನು ಆಗಬೇಕು ಹೇಳಿ ನೋಡೋಣ ಅನ್ನುತ್ತೇನೆ. ಎದುರಿಗೆ ನಿಂತು ತಳ್ಳಬಹುದು. ಗಳ ಕಿತ್ತುಕೊಂಡು ಹೋಗಬಹುದು. ಹೆಗ್ಗಣ ಬುಡ ಕೊರೆಯಬಹುದು. ಒಂದೊಂದಕ್ಕೂ ಬೇರೆ ಬೇರೆ ಮಾತಿದೆ. ಹಾಗಾಗಿ ಇಂಗ್ಲಿಷ್ ಪದ ಹುಡುಕುವ ಮೊದಲು, ಅವನು ಏನು ಮಾಡಿದ ಅಂತ ಕನ್ನಡದಲ್ಲಿ ಸರಿಯಾಗಿ ಕೇಳಿಕೊಳ್ಳಿ.

ಎದುರು ನಿಂತು ತಳ್ಳಿದರೆ ‘ಅಪೋಸ್’. ಇಲ್ಲಿ ಎಲ್ಲರೂ ಎಡವುವುದು ‘ಟು’ ವಿಷಯದಲ್ಲಿ. ‘ಐ ಅಪೋಸ್ ಟು ದಿಸ್’ ತಪ್ಪು. ನಾನು ಕಂಡುಕೊಂಡ ಉಪಾಯ ನಮ್ಮ ವಿಭಕ್ತಿಯದು. ‘ಇದನ್ನು ವಿರೋಧಿಸುತ್ತೇನೆ’ ಅನ್ನುವಾಗ ‘ಅನ್ನು’ ಬಂತು, ‘ಟು’ ಬೇಡ: ‘ಐ ಅಪೋಸ್ ದಿಸ್.’ ‘ಇದಕ್ಕೆ ನನ್ನ ವಿರೋಧ’ ಅನ್ನುವಾಗ ‘ಕ್ಕೆ’ ಬಂತು, ‘ಟು’ ಬೇಕು: ‘ಐ ಆಮ್ ಅಪೋಸ್ಡ್ ಟು ದಿಸ್.’ ‘ಇದಕ್ಕೆ ಆಕ್ಷೇಪ’ವೂ ಹಾಗೆಯೇ, ‘ಐ ಆಬ್ಜೆಕ್ಟ್ ಟು ದಿಸ್.’ ಎಲ್ಲ ಪದಕ್ಕೂ ಈ ಉಪಾಯ ನಡೆಯುವುದಿಲ್ಲ, ಈ ಮೂರಕ್ಕೆ ನಡೆಯುತ್ತದೆ. ‘ಅಗೇನ್ಸ್ಟ್’ ಕೂಡ ಬಳಸಬಹುದು. ಆದರೆ ಅದು ಸ್ವಲ್ಪ ತುಂಟ ಪದ. ‘ಲೀನ್ ಅಗೇನ್ಸ್ಟ್ ದ ವಾಲ್’ ಅಂದರೆ ಗೋಡೆಗೆ ಒರಗಿಕೋ ಅಂತ. ಅಲ್ಲಿ ಅದೇ ಆಸರೆ!

ಗಳ ಕಿತ್ತುಕೊಂಡರೆ ‘ವಿತ್‌ಡ್ರಾ’. ಈ ಪದ ನಮಗೆ ಎಟಿಎಂಗಿಂತ ಮೊದಲು ರಾಜಕೀಯದಿಂದ ಗೊತ್ತು. 1997ರಲ್ಲಿ ಹೊರಗಿನಿಂದ ಕೊಟ್ಟಿದ್ದ ಬೆಂಬಲವನ್ನು ಕಾಂಗ್ರೆಸ್ ವಾಪಸ್ ತೆಗೆದುಕೊಂಡು ದೇವೇಗೌಡರ ಸರ್ಕಾರ ಬಿತ್ತಲ್ಲ, ಅದು ‘ವಿತ್‌ಡ್ರಾಯಿಂಗ್ ಸಪೋರ್ಟ್’. ಹೇಳದೆ ಕೇಳದೆ ದಿಢೀರನೆ ಹಾಗೆ ಮಾಡಿದರೆ ‘ಪುಲ್ ದ ರಗ್ ಫ್ರಮ್ ಅಂಡರ್’ ಅನ್ನುತ್ತಾರೆ. ಕಾಲ ಕೆಳಗಿನ ಜಮಖಾನ ಎಳೆದುಬಿಡುವುದು. ಮಾತು ಕೊಟ್ಟು ತಾನೇ ಹಿಂದೆ ಸರಿದರೆ ‘ಬ್ಯಾಕ್ ಔಟ್’. ಬರೀ ‘ಬ್ಯಾಕ್’ ಅಂದರೆ ಬೆನ್ನಿಗೆ ನಿಲ್ಲುವುದು, ‘ಔಟ್’ ಸೇರಿಸಿದರೆ ಬಿಟ್ಟು ಹೋಗುವುದು. ಇದನ್ನು ಬರೆದಿಟ್ಟುಕೊಳ್ಳಿ.

ಬುಡ ಕೊರೆದರೆ ‘ಅಂಡರ್‌ಮೈನ್’. ನನಗೆ ತುಂಬಾ ಇಷ್ಟದ ಪದ. ಇದು ಕೋಟೆ ಯುದ್ಧದಿಂದ ಬಂದದ್ದು. ಗೋಡೆಯ ಕೆಳಗೆ ಸುರಂಗ ತೋಡಿ, ಅದು ಸದ್ಯಕ್ಕೆ ಕುಸಿಯದಂತೆ ಮರದ ಕಂಬ ಕೊಟ್ಟು, ಕೊನೆಗೆ ಆ ಕಂಬಗಳಿಗೇ ಬೆಂಕಿ ಇಡುತ್ತಿದ್ದರು. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ರೋಚೆಸ್ಟರ್ ಕೋಟೆಗೆ ಹೀಗೇ ಮಾಡಿದ. ಬೆಂಕಿ ಚೆನ್ನಾಗಿ ಹತ್ತಲಿ ಅಂತ 40 ಕೊಬ್ಬಿದ ಹಂದಿಗಳನ್ನು ಕಳಿಸಿ ಅಂತ ಪತ್ರ ಬರೆದಿದ್ದ. ಆ ಕೊಬ್ಬಿನ ಉರಿಗೆ ಕೋಟೆಯ ಒಂದು ಮೂಲೆ ಕುಸಿಯಿತು. ನಿಮ್ಮ ಎದುರು ನಗುನಗುತ್ತಾ ಮಾತಾಡಿ, ಹಿಂದೆ ಹೋಗಿ ‘ಅವಳಿಗೆ ಈ ಕೆಲಸ ಬರಲ್ಲ ಸಾರ್’ ಅನ್ನುವವರು ಮಾಡುವುದು ಇದನ್ನೇ: ‘ದೇ ಆರ್ ಅಂಡರ್‌ಮೈನಿಂಗ್ ಹರ್.’ ಇಲ್ಲಿ ‘ಅಪೋಸ್’ ಬಳಸಬೇಡಿ. ಎದುರಿಗೆ ನಿಂತು ಬೇಡ ಅನ್ನುವವನಿಗೆ ಒಂದು ಮರ್ಯಾದೆ ಇದೆ, ಅದನ್ನು ಹೆಗ್ಗಣಕ್ಕೆ ಕೊಡುವುದು ಯಾಕೆ?

ಇನ್ನು ಅಡ್ಡಗಾಲು ಹಾಕುವವರು. ಕೆಲಸ ನಿಧಾನವಾದರೆ ‘ಹಿಂಡರ್’, ಪೂರ್ತಿ ಕೆಟ್ಟರೆ ‘ಥ್ವಾರ್ಟ್’. ಪೇಪರಿನಲ್ಲಿ ಬರುವ ‘ಸರ್ಕಾರಿ ಕೆಲಸಕ್ಕೆ ಅಡ್ಡಿ’ಗೆ ‘ಅಬ್‌ಸ್ಟ್ರಕ್ಟ್’. ತಣ್ಣೀರೆರಚುವುದು ಎರಡೂ ಭಾಷೆಯಲ್ಲಿ ಒಂದೇ, ‘ಪೋರ್ ಕೋಲ್ಡ್ ವಾಟರ್ ಆನ್’. ಬೆನ್ನಿಗೆ ಚೂರಿ ಹಾಕುವುದೂ ಅಷ್ಟೇ, ‘ಸ್ಟ್ಯಾಬ್ ಇನ್ ದ ಬ್ಯಾಕ್’. ಇವನ್ನು ಧೈರ್ಯವಾಗಿ ಪದಕ್ಕೆ ಪದ ಇಟ್ಟು ಹೇಳಬಹುದು.

ಹಾಗೆ ಹೇಳಬಾರದ್ದು ಕಾಲೆಳೆಯುವುದು. ಮುಂದೆ ಬರುವವನನ್ನು ಕೆಳಗೆ ಜಗ್ಗುವುದಕ್ಕೂ ನಾವು ಕಾಲೆಳೆಯುವುದು ಅಂತೀವಿ. ‘ದೇ ಆರ್ ಪುಲ್ಲಿಂಗ್ ಮೈ ಲೆಗ್’ ಅಂದರೆ ಮಾತ್ರ ಕೇಳಿದವನಿಗೆ ತಮಾಷೆ ಮಾಡುತ್ತಿದ್ದಾರೆ ಅಂತಲೇ ಅನಿಸುತ್ತದೆ. ‘ಡ್ರ್ಯಾಗಿಂಗ್ ಮಿ ಡೌನ್’ ಅನ್ನಿ. ‘ಬೆನ್ನು ತೋರಿಸು’ ಕೂಡ ಹಾಗೇ. ನಮಗೆ ಅದು ಯುದ್ಧದಿಂದ ಓಡಿಹೋಗುವುದು, ಅವರ ‘ಟರ್ನ್ ಯುವರ್ ಬ್ಯಾಕ್ ಆನ್’ ಕಷ್ಟದಲ್ಲಿರುವವರನ್ನು ಕೈಬಿಡುವುದು.

‘ಬಾಯ್ಕಾಟ್’ಗೆ ತಲೆ ಕೆಡಿಸಿಕೊಳ್ಳಬೇಡಿ, ಬಹಿಷ್ಕಾರ ನಮಗೆ ಗೊತ್ತಿರುವುದೇ. ಆ ಪದ ಮೊದಲು ಮನುಷ್ಯನ ಹೆಸರು ಅನ್ನುವುದು ಮಾತ್ರ ಹುಡುಗರಿಗೆ ಮಜಾ ಕೊಡುತ್ತದೆ. 1880ರಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಜಮೀನುದಾರನ ಏಜೆಂಟ್ ಆಗಿದ್ದ ಚಾರ್ಲ್ಸ್ ಬಾಯ್ಕಾಟ್‌ಗೆ ಕೂಲಿಯವರು, ಅಂಗಡಿಯವರು ಎಲ್ಲ ಸೇರಿ ಕೆಲಸ, ಸಾಮಾನು ನಿಲ್ಲಿಸಿಬಿಟ್ಟರು. ಅವನ ಹೆಸರೇ ಕ್ರಿಯಾಪದವಾಯಿತು.

ಆಫೀಸಿನಲ್ಲಿ ಬಾಸ್ ಮಾತಿಗೆ ಬೇಡ ಅನ್ನಬೇಕಾದಾಗ ಇವ್ಯಾವುವೂ ಬೇಡ. ‘ಐ ಅಪೋಸ್’ ಅಂದರೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ‘ಐ ಹ್ಯಾವ್ ಸಮ್ ರಿಸರ್ವೇಷನ್ಸ್’ ಅನ್ನಿ, ನನಗೆ ಸ್ವಲ್ಪ ಅನುಮಾನ ಇದೆ ಅಂತ. (ಮೊದಲ ಸಲ ಕೇಳಿದಾಗ ನಾನು ರೈಲ್ವೆ ಟಿಕೆಟ್ ಅಂದುಕೊಂಡಿದ್ದೆ.) ಇನ್ನೊಂದು, ‘ಲೆಟ್ ಮಿ ಪ್ಲೇ ಡೆವಿಲ್ಸ್ ಅಡ್ವೊಕೇಟ್’. ಸುಮ್ನೆ ವಾದಕ್ಕೋಸ್ಕರ ಎದುರು ಪಕ್ಷ ವಹಿಸುತ್ತೇನೆ ಅಂತ. ಆಮೇಲೆ ಏನು ಹೇಳಿದರೂ ದೆವ್ವದ ಲೆಕ್ಕಕ್ಕೆ ಹೋಗುತ್ತದೆ. ಅಮೆರಿಕದವರು ‘ಲೆಟ್ಸ್ ಟೇಬಲ್ ಇಟ್’ ಅಂದರೆ ಖುಷಿಪಡಬೇಡಿ. ನಮ್ಮ ಸಂಸತ್ತಿನಲ್ಲಿ ಟೇಬಲ್ ಮಾಡುವುದು ಅಂದರೆ ಮಂಡಿಸುವುದು, ಅವರಲ್ಲಿ ಪಕ್ಕಕ್ಕೆ ಇಡುವುದು.

ಅಂದ ಹಾಗೆ, ಆ ಜೊತೆಗಾರ ಮೂರು ದಿನ ಬಿಟ್ಟು ಬಂದ. ಮೇಲ್ ನೋಡಿ ಮ್ಯಾನೇಜರ್‌ಗೂ ನನಗೂ ಸೇರಿಸಿ ಒಂದೇ ಪದದ ಉತ್ತರ ಹಾಕಿದ: ‘ಎನಿಟೈಮ್!’