ಗಿರಾಕಿ ಕಡಿಮೆಯಾದ ಪಬ್‌ನಲ್ಲಿ ಪೀಪಾಯಿ ಏಲ್ ಕೆಡದಂತೆ ನೋಡಿಕೊಳ್ಳುವುದು

ಬ್ರಿಟನ್ನಿನ ಹಳೇ ಪಬ್‌ಗಳಲ್ಲಿ ಏಲ್ (ಒಂದು ಬಗೆಯ ಬಿಯರ್) ಕುಡಿಯುವವರು ಕಡಿಮೆಯಾದಂತೆ ಮೊದಲು ಏಟು ಬೀಳುವುದು ರುಚಿಗೆ. ಬಾಯಿ ತೆರೆದ ಪೀಪಾಯಿ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು. ಆಮೇಲೆ ಗಾಳಿ ತಾಗಿ ಸಪ್ಪೆಯಾಗುತ್ತದೆ, ಹುಳಿಗೆ ತಿರುಗುತ್ತದೆ.

ಹಾಗಾಗಿ ಮೊದಲು ಲೆಕ್ಕ. ಫರ್ಕಿನ್ ಎಂಬ ಅಳತೆಯ ಪೀಪಾಯಿ ಅಂದರೆ 9 ಗ್ಯಾಲನ್, 72 ಪೈಂಟ್. ದಿನಕ್ಕೆ 12 ಪೈಂಟ್ ಹೋಗುವ ಕಡೆ ಅದರಲ್ಲಿ ಅರ್ಧ ಚರಂಡಿಗೇ. 36 ಪೈಂಟಿನ ಚಿಕ್ಕ ಪೀಪಾಯಿ, ಅಂದರೆ ಪಿನ್, ತರಿಸಿ. ಕೌಂಟರ್ ಮೇಲೆ ಏಲ್ ಎಳೆಯುವ ಪಂಪುಗಳನ್ನೂ ಕಡಿಮೆ ಮಾಡಿ; ಕೌಂಟರ್ ಬೋಳು ಕಾಣುತ್ತದೆಂಬ ಚಿಂತೆ ಬೇಡ.

ನೆಲಮಾಳಿಗೆ 11–13 ಡಿಗ್ರಿ ಸೆಲ್ಸಿಯಸ್ ಇರಲಿ. ಪೀಪಾಯಿಯನ್ನು ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಡಿ. ಮೇಲಿನ ಬಿರಡೆಗೆ ಮೆದು ಮರದ ಸ್ಪೈಲ್ (ಗ್ಯಾಸ್ ಹೊರಬಿಡುವ ಸಣ್ಣ ಗೂಟ) ಹೊಡೆದರೆ ನೊರೆ ಬುಸುಗುಟ್ಟುತ್ತದೆ. ಒರೆಸಿ ನೋಡಿ: ನೊರೆ ಮತ್ತೆ ಕಾಣಿಸಲು ನಾಲ್ಕೈದು ಸೆಕೆಂಡು ಹಿಡಿದರೆ ಅದರ ಜಾಗಕ್ಕೆ ಗ್ಯಾಸ್ ಬಿಡದ ಗಟ್ಟಿ ಸ್ಪೈಲ್ ಹಾಕಿ. ನಲ್ಲಿ ಹೊಡೆದ ಮೇಲೆ ಗಸಿ ಕೂರಲು ಬಿಡಿ. ಗ್ಲಾಸಿನಲ್ಲಿ ತಿಳಿಯಾಗಿ ಕಂಡ ಮೇಲಷ್ಟೇ ಮಾರಿ.

ಎಡವುವುದು ಸ್ಪೈಲಿನಲ್ಲೇ. ಮಾರುವಾಗ ತೆಗೆದಿರಬೇಕು, ಇಲ್ಲವಾದರೆ ಒಳಗೆ ಗಾಳಿ ಹೋಗದೆ ಪಂಪು ಬಿಗಿಯಾಗುತ್ತದೆ. ರಾತ್ರಿ ಬಿಗಿಯಲು ಮರೆತರೆ ಗ್ಯಾಸ್ ಹಾರಿಹೋಗಿ ಬೆಳಿಗ್ಗೆ ಏಲ್ ಸಪ್ಪೆ. ಪೈಪುಗಳನ್ನು ವಾರಕ್ಕೊಮ್ಮೆ ತೊಳೆಯಿರಿ, ಮಾರಾಟ ಎಷ್ಟೇ ಕಡಿಮೆಯಿದ್ದರೂ.