ಕಾಂಬ್ಯಾಟ್ ಮಿಷನ್: ಕಾಣದ್ದನ್ನು ಕಾಣದ ಹಾಗೆಯೇ ಆಡುವುದು

ಯುದ್ಧದ ಸಿಮ್ಯುಲೇಷನ್ ಆಟ ಎಷ್ಟು ನಿಜ ಅನ್ನುವ ಮಾತು ಬಂದರೆ, ಹೆಚ್ಚಿನವರು ಮೊದಲು ನೋಡುವುದು ಟ್ಯಾಂಕಿನ ಕವಚವನ್ನು. ಎಷ್ಟು ದಪ್ಪ, ಯಾವ ಗುಂಡು ಎಷ್ಟು ದೂರದಿಂದ ಅದನ್ನು ತೂರಿಕೊಂಡು ಹೋಗುತ್ತದೆ, ಇತ್ಯಾದಿ. ಆ ಲೆಕ್ಕವೂ ಬೇಕು. ಆದರೆ ವರ್ಷಗಟ್ಟಲೆ ಆಡಿದ ಮೇಲೆ ನಾನು ಕೇಳುವ ಪ್ರಶ್ನೆ ಎರಡೇ. ಆಟ ನನ್ನಿಂದ ಏನೇನು ಮುಚ್ಚಿಡುತ್ತದೆ? ನಾನು ಕೊಟ್ಟ ಆದೇಶ ಜಾರಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ? ಇವೆರಡೂ ಸರಿಯಾಗಿದ್ದರೆ ಯುದ್ಧತಂತ್ರ ಕಲಿಯಲೇಬೇಕಾಗುತ್ತದೆ. ಇಲ್ಲದಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ, ಬೆರಳು ಚುರುಕಾಗಿದ್ದರೆ ಸಾಕು.

ನಾನು ಜಾಸ್ತಿ ಆಡುವುದು ಕಾಂಬ್ಯಾಟ್ ಮಿಷನ್ ಸರಣಿಯ ಕಂಪ್ಯೂಟರ್ ಆಟಗಳನ್ನು. ಮೊದಲನೆಯದು ಬಂದಿದ್ದು 2000ದಲ್ಲಿ. ಈಗ ಕೈಯಲ್ಲಿರುವುದು 2021ರಲ್ಲಿ ಬಂದ ಕೋಲ್ಡ್ ವಾರ್. 1979ರಿಂದ 1982ರ ನಡುವೆ ಸೋವಿಯತ್ ಸೈನ್ಯ ಪಶ್ಚಿಮ ಜರ್ಮನಿಗೆ ನುಗ್ಗಿದ್ದರೆ ಏನಾಗುತ್ತಿತ್ತು ಅನ್ನುವುದು ಇದರ ವಿಷಯ. ಆಡುವ ಕ್ರಮ ಹೀಗೆ: ಇಬ್ಬರೂ ತಮ್ಮ ತಮ್ಮ ಪಡೆಗೆ ಆದೇಶ ಕೊಡುತ್ತಾರೆ. ಆಮೇಲೆ 60 ಸೆಕೆಂಡ್ ಎರಡೂ ಕಡೆಯದು ಒಟ್ಟಿಗೆ ನಡೆಯುತ್ತದೆ. ಆ ಒಂದು ನಿಮಿಷ ನೀವು ಏನೂ ಮಾಡುವ ಹಾಗಿಲ್ಲ, ನೋಡಬೇಕು ಅಷ್ಟೇ. ಹತ್ತನೇ ಸೆಕೆಂಡಿನಲ್ಲಿ ನಿಮ್ಮ ಟ್ಯಾಂಕಿನ ಪಕ್ಕಕ್ಕೆ ಶತ್ರು ಬಂದರೂ ಉಳಿದ ಐವತ್ತು ಸೆಕೆಂಡ್ ಆ ಸಿಬ್ಬಂದಿಯ ಬುದ್ಧಿಗೇ ಬಿಟ್ಟದ್ದು. ರಿಯಲ್ ಟೈಮ್‌ನಲ್ಲಿ ಆಡಲೂ ಅವಕಾಶ ಇದೆ. ನನಗೆ ಈ ನಿಮಿಷದ ಆಟವೇ ಸರಿ.

ಈ ಯೋಚನೆ ಹೊಸದೇನಲ್ಲ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್ವಿಟ್ಸ್ ಮಾಡಿದ ಯುದ್ಧದ ಆಟ ಕ್ರೀಗ್‌ಸ್ಪೀಲ್‌ನಲ್ಲಿ ಒಂದು ಸರದಿ ಅಂದರೆ ಎರಡು ನಿಮಿಷ. 1:8000 ಅಳತೆಯ ನಕ್ಷೆ, ಮಧ್ಯೆ ಒಬ್ಬ ತೀರ್ಪುಗಾರ. ಆಟಗಾರನ ಕಣ್ಣಿಗೆ ನಿಜಕ್ಕೂ ಬೀಳುವ ಪಡೆಯನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಿದ್ದ. ಆ ತೀರ್ಪುಗಾರನ ಕೆಲಸವನ್ನೇ ಈಗ ಕಂಪ್ಯೂಟರ್ ಮಾಡುತ್ತಿದೆ. ಅವನು ಮಾಡಲಾಗದ ಇನ್ನೊಂದನ್ನೂ ಮಾಡುತ್ತಿದೆ. ಯಾವ ಸೈನಿಕನಿಗೆ ಏನು ಕಂಡಿತು ಅನ್ನುವುದನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಲೆಕ್ಕ ಇಡುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡದ ಮೇಲಿರುವ ನನ್ನ ವೀಕ್ಷಕನಿಗೆ ಒಂದು ಟಿ-62 (ಸೋವಿಯತ್ ಟ್ಯಾಂಕು) ಕಂಡಿತು ಅಂದುಕೊಳ್ಳಿ. ಕೆಳಗೆ ಹಳ್ಳಿಯಲ್ಲಿರುವ ನನ್ನ ಪ್ಲಟೂನಿಗೆ (ಸಣ್ಣ ತುಕಡಿಗೆ) ಅದು ಗೊತ್ತಿರುವುದಿಲ್ಲ. ವೀಕ್ಷಕನಿಂದ ಅವನ ಮೇಲಧಿಕಾರಿಗೆ, ಅಲ್ಲಿಂದ ಪ್ಲಟೂನಿನ ಮುಖ್ಯಸ್ಥನಿಗೆ, ರೇಡಿಯೊದಲ್ಲೋ ಕೂಗಿಯೋ ಸುದ್ದಿ ಮುಟ್ಟಬೇಕು. ಮುಟ್ಟಿದಾಗಲೂ ಅವರ ಕಣ್ಣಿಗೆ ಬೀಳುವುದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಅಲ್ಲಿ ಏನೋ ಇದೆ ಅಂತ ಗೊತ್ತು. ಆದರೆ ಗೊತ್ತಿರುವ ಕಡೆ ಕಣ್ಣಿಟ್ಟವನಿಗೆ ಶತ್ರು ಬೇಗ ಕಾಣುತ್ತಾನೆ. ಗೊತ್ತಿಲ್ಲದವನಿಗಿಂತ ಕೆಲವು ಸೆಕೆಂಡ್ ಮೊದಲು. ಟ್ಯಾಂಕುಗಳ ಕಾಳಗ ತೀರ್ಮಾನವಾಗುವುದು ಆ ಕೆಲವು ಸೆಕೆಂಡಿನಲ್ಲೇ.

ನಮ್ಮ ಸೋದರಮಾವ ಸೈನ್ಯದಲ್ಲಿ ಟ್ಯಾಂಕಿನ ಗನ್ನರ್ ಆಗಿದ್ದವರು. ಹಾಸನದ ಕಡೆಯವರು, ನಿವೃತ್ತರಾಗಿ ಬಹಳ ಕಾಲವಾಯಿತು. ಒಮ್ಮೆ ನನ್ನ ಪಕ್ಕ ಕೂತು ಆಟ ನೋಡುತ್ತಿದ್ದರು. ಟ್ಯಾಂಕುಗಳನ್ನು ಮುಚ್ಚಳ ಮುಚ್ಚಿಕೊಂಡೇ ಕಾಡಿನಂಚಿಗೆ ಓಡಿಸುತ್ತಿದ್ದೆ. ಅದೇ ಕ್ಷೇಮ ಅಲ್ವಾ?

"ಮುಚ್ಚಳ ಹಾಕಿದರೆ ಒಳಗಿರೋನಿಗೆ ಏನು ಕಾಣುತ್ತೋ? ಬಾಗಿಲ ಸಂದಿಯಿಂದ ತೇರು ನೋಡಿದ ಹಾಗೆ. ಕಮಾಂಡರ್ ತಲೆ ಹೊರಗಿರಬೇಕು. ಗುಂಡು ಬೀಳೋಕೆ ಶುರುವಾದಾಗ ಒಳಗೆ ಎಳಕೊಂಡರಾಯ್ತು" ಅಂದರು.

ಆಟದಲ್ಲೂ ಅದು ಹಾಗೇ ಇದೆ. ಕಮಾಂಡರ್ ತಲೆ ಹೊರಗಿದ್ದರೆ ಟ್ಯಾಂಕಿನ ಸುತ್ತಲೂ ಕಣ್ಣಿರುತ್ತದೆ. ಮುಚ್ಚಿದರೆ ಮುಂದಿನ ಒಂದು ಪಟ್ಟಿ ಮಾತ್ರ. ಅದಕ್ಕೇ ರೈಫಲ್ ಗುಂಡಿನಿಂದ ಟ್ಯಾಂಕಿಗೆ ಏನೂ ಆಗದಿದ್ದರೂ ಹೊಡೆಯುವುದರಲ್ಲಿ ಅರ್ಥವಿದೆ. ಕಮಾಂಡರನ್ನು ಒಳಗೆ ತಳ್ಳಿದರೆ ಆ ಟ್ಯಾಂಕನ್ನು ಅರ್ಧ ಕುರುಡು ಮಾಡಿದ ಹಾಗೆ. ನಾನೀಗ ರಕ್ಷಣೆಯಲ್ಲಿರುವಾಗ ಒಂದು ಮಷಿನ್ ಗನ್ನನ್ನು ಈ ಕೆಲಸಕ್ಕೆ ಅಂತಲೇ ಇಡುತ್ತೇನೆ.

ಆಟ ಇಷ್ಟೆಲ್ಲ ಮುಚ್ಚಿಟ್ಟರೂ ಆಟಗಾರನಿಗೆ ದೇವರ ಕಣ್ಣು ಉಳಿದೇ ಇರುತ್ತದೆ. ಕ್ಯಾಮೆರಾ ಮೇಲೇರಿಸಿದರೆ ಇಡೀ ರಣರಂಗ. ಎಡಗಡೆಯ ತುಕಡಿಗೆ ಕಂಡಿದ್ದನ್ನು ನೋಡಿಕೊಂಡು ಬಲಗಡೆಯ ತುಕಡಿಗೆ ಆದೇಶ ಕೊಡಬಹುದು. ಆದ್ದರಿಂದ ನಾನು ಮತ್ತು ನನ್ನ ಗೆಳೆಯ ನಮ್ಮದೇ ಕಟ್ಟುಪಾಡು ಮಾಡಿಕೊಂಡಿದ್ದೇವೆ. ಕ್ಯಾಮೆರಾ ಎತ್ತರಕ್ಕೆ ಕೀಬೋರ್ಡಿನಲ್ಲಿ 1ರಿಂದ 9ರವರೆಗೆ ಕೀಲಿಗಳಿವೆ. ನಾವು ಕೆಳಗಿನ ಎತ್ತರದಲ್ಲೇ ಆಡುತ್ತೇವೆ. ಟ್ಯಾಬ್ ಒತ್ತಿ ಆ ಪಡೆಯ ಬೆನ್ನ ಹಿಂದೆ ನಿಂತು, ಅಲ್ಲಿಂದ ಕಾಣುವುದನ್ನು ನಂಬಿ ಆದೇಶ. ಮೇಲಧಿಕಾರಿಯ ಸಂಪರ್ಕ ಕಡಿದುಹೋದ ತುಕಡಿಗೆ ಹೊಸ ಯೋಜನೆ ಕೊಡುವ ಹಾಗಿಲ್ಲ. ಅದು ಹಳೆಯ ಆದೇಶ ಮುಗಿಸಬಹುದು, ಇದ್ದಲ್ಲೇ ಇರಬಹುದು, ಹಿಂದೆ ಸರಿಯಬಹುದು. ಒಂದು ಕಂಪನಿಯಲ್ಲಿ (ಕೆಲವು ಪ್ಲಟೂನು ಸೇರಿದ ಪಡೆ) ಮೂರರಲ್ಲಿ ಒಂದು ಪಾಲು ಹೋಯಿತು ಅಂದರೆ ಅದರ ದಾಳಿ ಅಲ್ಲಿಗೆ ನಿಂತಿತು. ಈ ಕೊನೆಯದೇ ಆಟವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿತು. ಕೊನೆಯ ಸೈನಿಕನವರೆಗೂ ತಳ್ಳಿ ಗೆಲ್ಲುವ ದಾರಿ ಮುಚ್ಚಿಹೋಯಿತು. ಗಾಯಾಳುವಿನ ಹತ್ತಿರ ಒಬ್ಬನನ್ನು ಕೂರಿಸಿ ಪ್ರಥಮ ಚಿಕಿತ್ಸೆಗೆ ಒಂದೆರಡು ನಿಮಿಷ ಕೊಡುವುದು ಈಗ ಯೋಜನೆಯ ಭಾಗವೇ ಆಗಿದೆ. ಬಿದ್ದವನ ಹತ್ತಿರವಿದ್ದ ಆಯುಧವೂ ಆಗ ಕೈಗೆ ಸಿಗುತ್ತದೆ.

ರಕ್ಷಣೆಯ ಆಟವನ್ನು ಹತ್ತಿರದಿಂದ ತೋರಿಸುತ್ತೇನೆ. ನನ್ನದು ಅಮೆರಿಕದ ಕಡೆ. ಕೈಯಲ್ಲಿ ಒಂದು ಪದಾತಿ ಕಂಪನಿ, ಕೆಲವು ಎಂ60ಎ1 ಟ್ಯಾಂಕು, ಟೋ ಅನ್ನುವ ಟ್ಯಾಂಕ್ ನಿರೋಧಕ ಕ್ಷಿಪಣಿ ಹೊತ್ತ ಎರಡು ಎಂ150 ಗಾಡಿ. ಟೋ 3,750 ಮೀಟರ್‌ವರೆಗೆ ಹೊಡೆಯುತ್ತದೆ. ಹಾಗಂತ ಅದನ್ನು ಗುಡ್ಡದ ನೆತ್ತಿಯ ಮೇಲಿಟ್ಟು ಇಡೀ ಕಣಿವೆ ಕಾಣಲಿ ಅನ್ನುವುದು ಆಸೆಬುರುಕತನ. ನಿಮಗೆ ಇಡೀ ಕಣಿವೆ ಕಂಡರೆ ಇಡೀ ಕಣಿವೆಗೂ ನೀವು ಕಾಣುತ್ತೀರಿ. ಟೋ ಹಾರುವಷ್ಟು ಹೊತ್ತೂ ಗನ್ನರ್ ಗುರಿಯ ಮೇಲಿಂದ ಕಣ್ಣು ಕದಲಿಸುವ ಹಾಗಿಲ್ಲ. ಆ ಸೆಕೆಂಡುಗಳಲ್ಲಿ ಹತ್ತು ಟ್ಯಾಂಕುಗಳು ಅವನ ಕಡೆ ತಿರುಗಿದರೆ ಕಥೆ ಮುಗಿಯಿತು. 1973ರ ಯುದ್ಧದಲ್ಲಿ ಸಿನಾಯ್ ಮರಳುಗಾಡಿನಲ್ಲಿ ಇಸ್ರೇಲಿಗಳು ಈಜಿಪ್ಟಿನ ಸ್ಯಾಗರ್ ಟ್ಯಾಂಕ್ ನಿರೋಧಕ ಕ್ಷಿಪಣಿಗಳಿಗೆ ಕಂಡುಕೊಂಡ ಉಪಾಯವೇ ಅದು. ಕ್ಷಿಪಣಿ ಹೊರಟ ಜಾಗ ಕಂಡ ಕೂಡಲೇ ಅಲ್ಲಿಗೆ ಗುಂಡಿನ ಮಳೆ.

ಆದ್ದರಿಂದ ನನ್ನ ಎಂ150 ನಿಲ್ಲುವುದು ಎರಡು ತೋಪುಗಳ ನಡುವಿನ ಸಂದಿಗೆ ಮುಖ ಮಾಡಿ. ಅಲ್ಲಿಂದ ರಸ್ತೆಯ ಒಂದು ತಿರುವು ಮಾತ್ರ ಕಾಣುತ್ತದೆ. ಅಲ್ಲಿಗೆ ಬರುವ ಗಾಡಿ ಒಂದು ಸಲಕ್ಕೆ ಒಂದು, ಜಾಸ್ತಿ ಅಂದರೆ ಎರಡು. ಮೊದಲ ಬಿಎಂಪಿ-1 (ಪದಾತಿಗಳನ್ನು ಹೊರುವ ಸೋವಿಯತ್ ಕವಚದ ಗಾಡಿ) ತಿರುವಿಗೆ ಬಂತು. ಸುಮ್ನೆ ಬಿಟ್ಟೆ. ಎರಡನೆಯದು ಬಂತು. ಅದರ ಹಿಂದೆ ಟಿ-62. ಅದಕ್ಕೆ ಟೋ ಹೊರಟಿತು. ಬೆಂಕಿಯ ಚುಕ್ಕಿ ಗದ್ದೆಗಳ ಮೇಲೆ ಸ್ವಲ್ಪ ತೂಗಾಡುತ್ತಾ ಹೋಗುತ್ತದೆ. ನೋಡುವವನಿಗೆ ಅದು ತೆವಳುತ್ತಿದೆ ಅನ್ನಿಸುತ್ತದೆ. ಟಿ-62ರ ಗೋಪುರ ಬೇರೆ ಕಡೆ ತಿರುಗಿತ್ತು. ಬಡಿಯಿತು. ಮುಂದಿದ್ದ ಎರಡು ಬಿಎಂಪಿಗಳು ನಿಂತವು, ಹೊಗೆಯ ಹಿಂದೆ ಸರಿಯಲು ನೋಡಿದವು. ಅಷ್ಟರಲ್ಲಿ ನಿಮಿಷ ಮುಗಿಯಿತು. ಮುಂದಿನ ನಿಮಿಷಕ್ಕೆ ನನ್ನ ಆದೇಶ ಒಂದೇ: ರಿವರ್ಸ್. ಗುರಿ ಇನ್ನೂ ಇದೆ, ಇನ್ನೊಂದು ಹೊಡೆಯೋಣ ಅನ್ನಿಸುತ್ತದೆ. ಹೊಡೆಯಬಾರದು. ಎರಡು ನಿಮಿಷದಲ್ಲಿ ಆ ಸಂದಿಯ ಮೇಲೆ ಏನೋ ಬಂದು ಬೀಳುವುದು ಖಂಡಿತ.

ಪದಾತಿಗಳ ಕೈಯಲ್ಲಿರುವ ಟ್ಯಾಂಕ್ ನಿರೋಧಕ ಡ್ರಾಗನ್ ಕ್ಷಿಪಣಿಯ ಪಾಡು ಇನ್ನೂ ಕಷ್ಟ. ಅದರ ವ್ಯಾಪ್ತಿ 1,000 ಮೀಟರ್. ಅಷ್ಟು ದೂರ ಹೋಗಲು ಹತ್ತು ಸೆಕೆಂಡಿಗೂ ಜಾಸ್ತಿ ಬೇಕು. ಹೆಗಲ ಮೇಲಿಟ್ಟುಕೊಂಡು ಕೂತವನು ಅಷ್ಟು ಹೊತ್ತೂ ಅಲುಗಾಡಬಾರದು. ನಾನು ಡ್ರಾಗನ್ ತಂಡಗಳನ್ನು ಗುಡ್ಡದ ಈಚೆ ಬದಿಯಲ್ಲಿ ಇಡುತ್ತೇನೆ, ಶತ್ರುವಿನ ಕಡೆಯ ಇಳಿಜಾರಿನಲ್ಲಿ ಅಲ್ಲ. ನೆತ್ತಿ ದಾಟಿ ಇಳಿದ ಟ್ಯಾಂಕಿಗೆ ಹಿಂದಿನ ಟ್ಯಾಂಕುಗಳ ಸಹಾಯ ಸಿಗುವುದಿಲ್ಲ, ಅವು ಇನ್ನೂ ಆಚೆ ಬದಿಯಲ್ಲೇ ಇರುತ್ತವೆ. ದೂರದ ಗುರಿ ಬಿಟ್ಟುಕೊಟ್ಟು ಈ ಒಂದು ಲಾಭ ಪಡೆಯುವುದರಲ್ಲಿ ನನಗೆ ಯಾವತ್ತೂ ನಷ್ಟ ಕಂಡಿಲ್ಲ.

ದಾಳಿ ಮಾಡುವಾಗ ನಾನು ಸೋವಿಯತ್ ಕಡೆ ಇರಲು ಇಷ್ಟಪಡುತ್ತೇನೆ. ಅಲ್ಲಿ ಎರಡನೇ ಪ್ರಶ್ನೆ, ಸಮಯದ್ದು, ಪೂರ್ತಿಯಾಗಿ ಎದುರು ನಿಲ್ಲುತ್ತದೆ. ಅಮೆರಿಕದ ಕಡೆ ಫಿರಂಗಿ ಬೆಂಬಲ ಕೇಳಿದರೆ ಕೆಲವೇ ನಿಮಿಷದಲ್ಲಿ ಗುಂಡು ಬೀಳುತ್ತದೆ. ಸೋವಿಯತ್ ಕಡೆ ಹತ್ತು ನಿಮಿಷ ದಾಟಿದರೂ ಆಶ್ಚರ್ಯ ಇಲ್ಲ. ಕೇಳುವ ಹಕ್ಕಿರುವವರೂ ಕಡಿಮೆ. ಇದನ್ನು ದೌರ್ಬಲ್ಯ ಅಂದುಕೊಂಡು ಆಡಿದರೆ ಸೋಲುತ್ತೀರಿ. ಸೋವಿಯತ್ ರೀತಿಯೇ ಬೇರೆ. ಅವರದು ಯುದ್ಧಕ್ಕೆ ಮೊದಲೇ ಬರೆದಿಟ್ಟ ವೇಳಾಪಟ್ಟಿ. ಆಟ ಶುರುವಾಗುವ ಮುಂಚೆಯೇ ಫಿರಂಗಿಗಳಿಗೆ ಗುರಿ ಕೊಟ್ಟು, 5, 10, 15 ನಿಮಿಷ ತಡವಾಗಿ ಬೀಳುವಂತೆ ಇಡಬಹುದು.

ನಾನು ಒಂದು ಹಾಳೆ ತೆಗೆದುಕೊಂಡು ಬರೆಯುತ್ತೇನೆ. ಐದನೇ ನಿಮಿಷಕ್ಕೆ ಎಡಗಡೆಯ ದಿಬ್ಬದ ಮೇಲೆ ಹೊಗೆ. ಅಷ್ಟರೊಳಗೆ ಮೊದಲ ಕಂಪನಿ ಹಳ್ಳದ ಅಂಚಿನಲ್ಲಿ ಇರಬೇಕು. ಹತ್ತಕ್ಕೆ ಹಳ್ಳಿಯ ಮೇಲೆ ಸಿಡಿಗುಂಡು. ಅದು ಬೀಳುತ್ತಿರುವಾಗಲೇ ಮೂರು ಕಂಪನಿಯೂ ಒಂದೇ ಕಡೆಯಿಂದ, ಇಕ್ಕಟ್ಟಾದ ದಾರಿಯಲ್ಲಿ, ವೇಗವಾಗಿ. ಹೊಗೆಯನ್ನು ನನ್ನ ಟ್ಯಾಂಕುಗಳ ಮುಂದೆ ಹಾಕುವುದಿಲ್ಲ, ಶತ್ರುವಿನ ಮೂಗಿನ ಕೆಳಗೆ ಹಾಕುತ್ತೇನೆ. ಆಗ ಅವನಿಗೆ ಯಾವ ದಿಕ್ಕಿಗೂ ಕಾಣುವುದಿಲ್ಲ. ಗಾಳಿ ಯಾವ ಕಡೆಗೆ ಅಂತ ಮೊದಲೇ ನೋಡಿಕೊಳ್ಳಬೇಕು, ಆಟ ಅದನ್ನು ತಿಳಿಸುತ್ತದೆ. ಎದುರಿಗೆ ಅಮೆರಿಕದ ಎಂ60ಎ3 ಟಿಟಿಎಸ್ ಟ್ಯಾಂಕು ಇದ್ದರೆ ಮಾತ್ರ ಈ ಲೆಕ್ಕ ತಲೆಕೆಳಗು. ಅದರ ಥರ್ಮಲ್ ದೃಷ್ಟಿ ಶಾಖವನ್ನು ನೋಡುತ್ತದೆ, ಮಾಮೂಲಿ ಹೊಗೆ ಅದಕ್ಕೆ ಅಡ್ಡಿಯೇ ಅಲ್ಲ. ಆಗ ಹೊಗೆ ಹಾಕಿದರೆ ಕುರುಡಾಗುವುದು ನಾನೇ.

ಹಾಳೆಯಲ್ಲಿ ಬರೆದಿದ್ದನ್ನು ನಡುವೆ ಬದಲಿಸಲು ಹೋಗುವುದಿಲ್ಲ. ಒಂದು ಪ್ಲಟೂನ್ ಹೊಡೆತ ತಿಂದಿತು ಅಂತ ಉಳಿದವರನ್ನು ನಿಲ್ಲಿಸಿದರೆ ಫಿರಂಗಿ ತನ್ನ ಪಾಡಿಗೆ ಬಿದ್ದು ಮುಗಿಯುತ್ತದೆ, ನಾವು ಇನ್ನೂ ಬಯಲಲ್ಲೇ ಇರುತ್ತೇವೆ. ಹೊರಗಿನಿಂದ ನೋಡಿದವರಿಗೆ ಸೋವಿಯತ್ ದಾಳಿ ಬರೀ ಸಂಖ್ಯೆಯ ದರ್ಪ ಅನ್ನಿಸಬಹುದು. ಒಳಗೆ ಕೂತು ಆಡಿದರೆ, ಎಲ್ಲವೂ ಒಂದೇ ನಿಮಿಷಕ್ಕೆ ಒಂದೇ ಜಾಗದಲ್ಲಿ ಸೇರುವಂತೆ ಮಾಡುವುದು ಎಷ್ಟು ನಾಜೂಕಿನ ಕೆಲಸ ಅಂತ ಗೊತ್ತಾಗುತ್ತದೆ.

ನನ್ನ ಎದುರಾಳಿ, ಶಿವಮೊಗ್ಗದ ಗೆಳೆಯ, ಈಗ ಇರುವುದು ಫ್ರಾಂಕ್‌ಫರ್ಟ್ ಹತ್ತಿರ. ಇಬ್ಬರೂ ಸರದಿಯ ಫೈಲ್ ಕಳಿಸಿಕೊಂಡು ಆಡುತ್ತೇವೆ. ಅವನು ರಾಸ್‌ಡಾರ್ಫ್ ಹತ್ತಿರದ ಪಾಯಿಂಟ್ ಆಲ್ಫಾ ನೋಡಲು ಹೋಗಿದ್ದ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೈನಿಕರು ಪೂರ್ವ ಜರ್ಮನಿಯ ಗಡಿ ಕಾಯುತ್ತಿದ್ದ ಠಾಣೆ ಅದು, ಈಗ ಸ್ಮಾರಕ. ಅಲ್ಲಿಂದಲೇ ಫೋನ್ ಮಾಡಿದ. "ಮಾರಾಯ, ನಾವು ಆಡೋ ಜಾಗ ಇದೇ. ಎಲ್ಲಿ ನೋಡಿದರೂ ಗುಡ್ಡ, ತೋಪು, ಹಳ್ಳಿ. ಮೂರು ಕಿಲೋಮೀಟರ್ ನೇರ ಕಾಣೋ ಜಾಗ ಹುಡುಕಬೇಕು" ಅಂದ. ಆಮೇಲೆ ಫೋಟೋ ಕಳಿಸಿದ. ಹಳ್ಳಿಯ ಚರ್ಚು, ಸೌದೆ ಪೇರಿಸಿಟ್ಟ ಅಂಗಳ, ಒಣಗಲು ಹಾಕಿದ ಬಟ್ಟೆ.

ಆಟದ ಹಳ್ಳಿಗಳಲ್ಲಿ ಜನ ಇಲ್ಲ. ಮನೆಗಳೆಲ್ಲ ಖಾಲಿ. ಸಿಡಿಗುಂಡು ಹಾಕುವ ಮುಂಚೆ ಒಳಗೆ ಯಾರಿದ್ದಾರೆ ಅಂತ ಯೋಚಿಸಬೇಕಾಗಿಲ್ಲ. ನಿಜಕ್ಕೆ ಹತ್ತಿರ ಅಂತ ನಾವು ಹೊಗಳುವ ಆಟದಲ್ಲಿ ಇದು ಬಹಳ ದೊಡ್ಡ ಖಾಲಿ ಜಾಗ. ನನ್ನನ್ನು ಇದು ಕಾಡುತ್ತದೆ. ಫೋಟೋ ನೋಡಿದ ಮೇಲೆ ನಾವಿಬ್ಬರೂ ಮಾತಾಡಿಕೊಂಡು ಇನ್ನೊಂದು ಕಟ್ಟುಪಾಡು ಸೇರಿಸಿದೆವು: ಶತ್ರು ಅಲ್ಲಿದ್ದಾನೆ ಅಂತ ಕಣ್ಣಾರೆ ಕಾಣದೆ ಹಳ್ಳಿಯ ಮೇಲೆ ಫಿರಂಗಿ ಹಾಕುವ ಹಾಗಿಲ್ಲ. ಮೇಲೆ ಹೇಳಿದ ವೇಳಾಪಟ್ಟಿ ಅದಕ್ಕೂ ಹಿಂದಿನದು. ಈಗ ಹತ್ತನೇ ನಿಮಿಷದ ಸಿಡಿಗುಂಡು ಹಳ್ಳಿಯ ಹೊರಗಿನ ತೋಪಿಗೆ ಹೋಗುತ್ತದೆ. ಹಳ್ಳಿಯೊಳಕ್ಕೆ ಪದಾತಿ ನಡೆದೇ ಹೋಗಬೇಕು. ದಾಳಿ ನಿಧಾನವಾಗಿದೆ, ನಷ್ಟ ಜಾಸ್ತಿಯಾಗಿದೆ. ಇಬ್ಬರೂ ಒಪ್ಪಿದ್ದೇವೆ.

ಸದ್ಯ ನಡೆಯುತ್ತಿರುವುದು ರಾತ್ರಿಯ ಕಾಳಗ, 1982ರದ್ದು. ಅವನ ಕಡೆ ಎಂ60ಎ3 ಟಿಟಿಎಸ್ ಇದೆ, ನನ್ನ ಕಡೆ ಟಿ-64. ಅವನಿಗೆ ಕತ್ತಲಲ್ಲೂ ದೂರ ಕಾಣುತ್ತದೆ, ನನಗೆ ಇಲ್ಲ. ಬಯಲು ಬಿಟ್ಟು ಕಾಡಿನೊಳಗಿಂದಲೇ ಪದಾತಿಯನ್ನು ಮುಂದೆ ಕಳಿಸಿದ್ದೇನೆ, ಟ್ಯಾಂಕುಗಳು ಹಿಂದಿನ ತಗ್ಗಿನಲ್ಲಿ ಕಾಯುತ್ತಿವೆ. ಇವತ್ತಿನ ಸರದಿ ಅವನದು.